ಯಾವ ಬಿಳಿಮೀನು?

ಲವಂಗದೆಣ್ಣೆಯ ವಾಸನೆ ಬಂದರೆ ನನಗೆ ಅಜ್ಜಿಯ ನೆನಪಾಗಬೇಕಿತ್ತು. ಹಲ್ಲುನೋವು ಬಂದಾಗ ಹತ್ತಿಯುಂಡೆಯನ್ನು ಅದರಲ್ಲಿ ಅದ್ದಿ ದವಡೆಗೆ ಒತ್ತುತ್ತಿದ್ದವರು ಅವರು. ಆದರೆ ಕೆಲವು ವರ್ಷಗಳಿಂದ ಆ ವಾಸನೆಗೆ ನೆನಪಾಗುವುದು ಒಂದು ನೀಲಿ ಪ್ಲಾಸ್ಟಿಕ್ ತೊಟ್ಟಿ, ಅದರೊಳಗೆ ಮೆಲ್ಲಗೆ ಮಗ್ಗುಲಾಗುತ್ತಿದ್ದ ಒಂದೂವರೆ ಕಿಲೋ ತೂಕದ ರೋಹು ಮೀನು.

ಮೂವತ್ತು ವರ್ಷ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಟ್ಟವನು ನಾನು. ಸತ್ತ ಮೀನುಗಳನ್ನು ಎಷ್ಟು ಕೊಯ್ದಿದ್ದೇನೋ ಲೆಕ್ಕವಿಲ್ಲ. ಬದುಕಿರುವ ಮೀನನ್ನು, ಅದು ಬದುಕಿಯೇ ಇರಲೆಂದು ಕೊಯ್ಯುವುದನ್ನು ನೋಡಿದ್ದು ಮಾತ್ರ ನಿವೃತ್ತಿಯಾದ ಮೇಲೆ, ಮೀನುಗಳಿಗೆ ಟ್ಯಾಗ್ ಹಾಕುವುದನ್ನು ಕಲಿಸುವ ಒಂದು ತರಬೇತಿಯಲ್ಲಿ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕರೆದ, ಹೋದೆ. ನೀರಿಗೆ ಲವಂಗದೆಣ್ಣೆ ಬೆರೆಸಿದರೆ ಮೀನಿಗೆ ಮಂಪರು ಹತ್ತುತ್ತದೆ. ಆಮೇಲೆ ಅದನ್ನು ಒದ್ದೆ ಸ್ಪಂಜಿನ ತೊಟ್ಟಿಲಲ್ಲಿ ಬೆನ್ನಡಿಯಾಗಿ ಮಲಗಿಸಿ, ಕಿವಿರುಗಳ ಮೇಲೆ ಕೊಳವೆಯಿಂದ ನೀರು ಹರಿಸುತ್ತಲೇ ಹೊಟ್ಟೆಯಲ್ಲಿ ಎರಡು ಸೆಂಟಿಮೀಟರ್ ಗಾಯ ಮಾಡಿ, ಮೀನು ಎಲ್ಲಿದೆಯೆಂದು ಸಂಕೇತ ಕಳಿಸುವ ರೇಡಿಯೊ ಟ್ಯಾಗನ್ನು ಒಳಗಿಟ್ಟು ಹೊಲಿಗೆ ಹಾಕುತ್ತಾರೆ. ಕೂದಲಿಗಿಂತ ತುಸು ದಪ್ಪನೆಯ ಆಂಟೆನಾ ಮಾತ್ರ ಹೊರಗೆ ಜೋಲುತ್ತದೆ. ನಡುವೆ ಯಾರೂ ಮಾತಾಡುವಂತಿಲ್ಲ, ಗಡಿಯಾರ ಹಿಡಿದವರನ್ನು ಬಿಟ್ಟು.

ನನಗೆ ಕೊಟ್ಟ ಕೆಲಸ ಅದರ ನಂತರದ್ದು. ಮೀನು ಚೇತರಿಸಿಕೊಂಡಿದೆಯೇ ಎಂದು ನೋಡುವುದು. ನೀರಿನಲ್ಲೇ ಅದರ ಬಾಲ ಹಿಡಿಯಬೇಕು. ನೆಟ್ಟಗಿರುವ ಮೀನಾದರೆ ಕೈಯಿಂದ ಚಿಮ್ಮಿ ಹೋಗುತ್ತದೆ. ಅಂಗಾತ ತಿರುಗಿಸಿ ಬಿಡಬೇಕು, ಮೂರು ಸೆಕೆಂಡಿನೊಳಗೆ ಹೊರಳಿ ಸರಿಯಾಗಬೇಕು. ಇನ್ನೊಂದು ಪರೀಕ್ಷೆ ನನಗೆ ಬಹಳ ಇಷ್ಟವಾಯಿತು. ಮೀನಿನ ಮೈಯನ್ನು ಉದ್ದಕ್ಕೆ ಮೆಲ್ಲಗೆ ಹೊರಳಿಸಿದರೆ ಅದರ ಕಣ್ಣು ಜೊತೆಗೆ ಹೊರಳುವುದಿಲ್ಲ. ಗಾರೆಯವರ ರಸಮಟ್ಟದ ಗುಳ್ಳೆಯಂತೆ ತನ್ನ ಮಟ್ಟವನ್ನು ತಾನು ಹುಡುಕಿಕೊಳ್ಳುತ್ತದೆ. ತೀರ ಬಳಲಿದ ಮೀನಿನ ಕಣ್ಣು ಮೈಯ ಜೊತೆಗೇ ತಿರುಗಿಬಿಡುತ್ತದೆ. ನಾನು ಬಾಲ ಹಿಡಿದಾಗ ಆ ರೋಹು ಸುಮ್ಮನೆ ನಿಂತಿತ್ತು. ಒಂದು, ಎರಡು, ಮೂರು. ಹತ್ತನೆಯ ನಿಮಿಷದಲ್ಲಿ ಮತ್ತೆ ಹಿಡಿದಾಗ ನನ್ನ ಕನ್ನಡಕದವರೆಗೂ ನೀರು ಎರಚಿ ಹೋಯಿತು. ಪರೀಕ್ಷೆಯಲ್ಲಿ ವಿದ್ಯಾರ್ಥಿ ಪಾಸಾದಾಗಲೂ ಅಷ್ಟು ಖುಷಿಯಾಗಿದ್ದು ನೆನಪಿಲ್ಲ.

ಈ ಪರೀಕ್ಷೆಗಳನ್ನು ನಮ್ಮ ಕಾವೇರಿಯ ಮೀನಿನ ಮೇಲೆಯೇ ನಡೆಸಿದ್ದಾರೆ ಎಂದು ಆ ಸಂಜೆ ತಿಳಿಯಿತು. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದವರು ಭಾರತದ ಸಂಶೋಧಕರ ಜೊತೆ ಸೇರಿ ಮಾಡಿ, 2016ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಗಾಳಕ್ಕೆ ಸಿಕ್ಕಿ, ಮತ್ತೆ ನದಿಗೆ ಬಿಡಿಸಿಕೊಳ್ಳುವ ಮಹಶೀರ್ ಎಂಬ ದೊಡ್ಡ ಹೊಳೆಮೀನಿಗೆ ಆಗುವುದೇನು ಎಂಬುದು ಅವರ ಪ್ರಶ್ನೆ. ಇಂಥ ಕೆಲಸಕ್ಕೆ ಹೊಳೆಯ ದಡಕ್ಕೆ ಪ್ರಯೋಗಾಲಯ ಬೇಡ. ಮಧುಮೇಹಿಗಳು ಬೆರಳಿಗೆ ಚುಚ್ಚಿ ನೋಡುವಂಥದೇ ಮೀಟರಿನಲ್ಲಿ ಮೀನಿನ ರಕ್ತದ ಸಕ್ಕರೆ ನೋಡಬಹುದು, ಓಟಗಾರರಿಗೆ ಬಳಸುವಂಥ ಮೀಟರಿನಲ್ಲಿ ದಣಿವನ್ನು ತೋರಿಸುವ ಲ್ಯಾಕ್ಟೇಟ್. ಅವರು ಪರೀಕ್ಷಿಸಿದ ಮೀನು ಸಾಕಷ್ಟು ಗಟ್ಟಿಮುಟ್ಟು, ಬಹಳ ಹೊತ್ತು ಸೆಣಸಾಡಿದರೆ ಮಾತ್ರ ಬಳಲಿಕೆ ಏರುತ್ತದೆ ಎಂಬುದು ಸಾರಾಂಶ. ಓದಿ ನೆಮ್ಮದಿಯಾಯಿತು. ಆಮೇಲೆ ಅದು ಯಾವ ಮೀನು ಎಂದು ನೋಡಿದೆ. ನೆಮ್ಮದಿ ಹೋಯಿತು.

ಅದು ನೀಲಿ ರೆಕ್ಕೆಯ ಮಹಶೀರ್, ಟಾರ್ ಖುದ್ರೀ. 1839ರಲ್ಲಿ ಸೈಕ್ಸ್ ಎಂಬ ಸೇನಾಧಿಕಾರಿ ಪುಣೆಯ ಮುಳಾ-ಮುಠಾ ನದಿಯಲ್ಲಿ ಕಂಡು ವಿವರಿಸಿದ ಮೀನು. ಶಿವನಸಮುದ್ರದ ಕೆಳಗೆ ಭೀಮೇಶ್ವರಿ, ಗಾಲಿಬೋರೆ, ಮುತ್ತತ್ತಿಯ ಮಡುಗಳಲ್ಲಿ ಕಾವೇರಿಯ ಸ್ವಂತದ್ದು ಬೇರೆಯೇ ಒಂದಿತ್ತು. ಹೊನ್ನಿನ ಬಣ್ಣ, ಕೆಂಪು ಛಾಯೆಯ ರೆಕ್ಕೆ, ತಲೆ ಮುಗಿಯುತ್ತಿದ್ದಂತೆ ಎದ್ದು ನಿಲ್ಲುವ ಗೂನುಬೆನ್ನು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್ ತೂಗಿತ್ತು, ಅಂದರೆ 54 ಕಿಲೋ. ಅಕ್ಕಿಯ ಮೂಟೆಗಿಂತ ಭಾರ. ಹೊಳೆಯ ಬದಿಯ ಹಳ್ಳಿಗಳಲ್ಲಿ ಇವೆಲ್ಲಕ್ಕೂ ಇರುವ ಹೆಸರು ಒಂದೇ: ಬಿಳಿಮೀನು.

ಹೆಸರು ಒಂದೇ ಆಗಿದ್ದರಿಂದ ಏನಾಯಿತು ಎಂಬುದನ್ನು ನಾನು ಮೊದಲು ಕೇಳಿದ್ದು ವಿಜ್ಞಾನಿಗಳಿಂದಲ್ಲ, ಮುತ್ತತ್ತಿಯ ಕಡೆಯ ಒಬ್ಬ ಯಜಮಾನರಿಂದ. ಹೆಸರು ಬರೆಯಬೇಡಿ ಎಂದಿದ್ದಾರೆ. ಹರೆಯದಲ್ಲಿ ಬಲೆ ಹಾಕಿದವರು, ತೋಟೆ ಸಿಡಿಸಿ ಮೀನು ಬಾಚಿದವರು. ಆಮೇಲೆ ಗಾಳದ ಶಿಬಿರಕ್ಕೆ ಸೇರಿ, ವಿದೇಶಿಯರನ್ನು ಹರಿಗೋಲಿನಲ್ಲಿ ಮಡುವಿನಿಂದ ಮಡುವಿಗೆ ಕರೆದೊಯ್ಯುವ ಕೆಲಸ ಹಿಡಿದರು. 1970ರ ದಶಕದ ಕೊನೆಯಲ್ಲಿ ಮೂವರು ಇಂಗ್ಲಿಷ್ ಯುವಕರು ಬಂದು ದೈತ್ಯ ಮೀನುಗಳನ್ನು ಹಿಡಿದು ಸುದ್ದಿಯಾದ ಮೇಲೆ ಈ ದಂಡೆಯಲ್ಲಿ ಇಂಥ ಕೆಲಸ ಹುಟ್ಟಿಕೊಂಡಿತ್ತು. ಗಾಳಕ್ಕೆ ರಾಗಿ. ಹಿಟ್ಟನ್ನು ಗಟ್ಟಿಯಾಗಿ ಬೇಯಿಸಿ, ನಾದಿ, ಕಲ್ಲಿನಂಥ ಉಂಡೆ ಕಟ್ಟಬೇಕು.

"ಮನೆಯಲ್ಲಿ ಮುದ್ದೆ ಅಷ್ಟು ಗಟ್ಟಿಯಾದರೆ ಹೆಂಡತಿಯನ್ನು ಬೈಯುತ್ತಿದ್ದೆವು ಮೇಷ್ಟ್ರೇ, ಮೀನಿಗೆ ಮಾತ್ರ ನಾವೇ ಹಾಗೆ ಮಾಡುತ್ತಿದ್ದೆವು" ಎಂದರು.

ಹಿಡಿದ ಮೀನನ್ನು ತೂಗಿ, ಪಟ ತೆಗೆದು, ಬಿಟ್ಟುಬಿಡುವುದು ಶಿಬಿರದ ನಿಯಮ. ಸಂಜೆ ಕತ್ತಲಲ್ಲಿ ಸಿಕ್ಕಿದರೆ ಬೆಳಗಿನ ಬಿಸಿಲಿನ ಪಟಕ್ಕಾಗಿ ತುಟಿಗೆ ಹಗ್ಗ ಪೋಣಿಸಿ ರಾತ್ರಿಯೆಲ್ಲ ನೀರಿನಲ್ಲಿ ಕಟ್ಟಿ ಹಾಕುತ್ತಿದ್ದ ಕಾಲವೂ ಇತ್ತಂತೆ. "ದನ ಕಟ್ಟಿದ ಹಾಗೆ" ಎಂದು ನಕ್ಕರು. ನಾನು ನಗಲಿಲ್ಲ. ಅವರಿಗೆ ಅದು ಗೊತ್ತಾಯಿತು. "ಸಾಯುತ್ತಿರಲಿಲ್ಲ ಮೇಷ್ಟ್ರೇ" ಎಂದರು. ಮೀನು ಸಾಯಲಿಲ್ಲ ಎಂಬುದೂ ಅದಕ್ಕೆ ಏನೂ ಆಗಲಿಲ್ಲ ಎಂಬುದೂ ಒಂದೇ ಅಲ್ಲವಲ್ಲ. 2003ರಲ್ಲಿ ಲಿನ್ ಸ್ನೆಡನ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಸ್ಕಾಟ್ಲೆಂಡಿನಲ್ಲಿ ಟ್ರೌಟ್ ಮೀನಿನ ತುಟಿಗೆ ಆಮ್ಲ ಚುಚ್ಚಿ ನೋಡಿದಾಗ ಅದು ಸುಮಾರು ಮೂರು ಗಂಟೆ ಆಹಾರ ಮುಟ್ಟದೆ, ತುಟಿಯನ್ನು ತೊಟ್ಟಿಯ ಕಲ್ಲಿಗೆ ಉಜ್ಜುತ್ತಿತ್ತು. ಅದು ನೋವೇ, ಬರಿಯ ಪ್ರತಿವರ್ತನೆಯೇ ಎಂಬ ಜಗಳ ಇನ್ನೂ ನಿಂತಿಲ್ಲ. ಹಲ್ಲುನೋವು ಬಂದಾಗ ನಾನೂ ದವಡೆಯನ್ನು ದಿಂಬಿಗೆ ಉಜ್ಜಿದ್ದೇನೆ. ನನ್ನ ಮತ ಯಾವ ಕಡೆಗೆಂದು ಬೇರೆ ಹೇಳಬೇಕಿಲ್ಲ.

ಶಿಬಿರಗಳು ಮಾಡಿದ ಒಂದು ಒಳ್ಳೆಯ ಕೆಲಸವೆಂದರೆ ಬರೆದಿಟ್ಟದ್ದು. ಗಾಲಿಬೋರೆಯ ದಾಖಲೆ ಪುಸ್ತಕಗಳಲ್ಲಿ 1998ರಿಂದ 2012ರವರೆಗಿನ ಲೆಕ್ಕವಿದೆ. 23,620 ಗಂಟೆಗಳ ಗಾಳ, 6,161 ಮಹಶೀರ್. ಕೆಲವು ಅರ್ಧ ಕಿಲೋ ಮುಟ್ಟದವು, ದೊಡ್ಡದು 46.8 ಕಿಲೋ. ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತಿತರ ಮೀನು ವಿಜ್ಞಾನಿಗಳು ಈ ಪುಟಗಳನ್ನು ಕೂಡಿ ಕಳೆದು ನೋಡಿ 2015ರಲ್ಲಿ ಬರೆದರು. ಬಿಳಿಮೀನುಗಳನ್ನೆಲ್ಲ ಒಟ್ಟಿಗೆ ಎಣಿಸಿದರೆ ವರ್ಷದಿಂದ ವರ್ಷಕ್ಕೆ ಹೆಚ್ಚು ಸಿಕ್ಕಿವೆ. ಸಂರಕ್ಷಣೆ ಗೆದ್ದಂತೆ ಕಾಣುತ್ತದೆ. ನೀಲಿ ರೆಕ್ಕೆಯವನ್ನೂ ಗೂನುಬೆನ್ನಿನವನ್ನೂ ಬೇರೆ ಬೇರೆ ಇಟ್ಟು ಎಣಿಸಿದ ಕ್ಷಣ ಚಿತ್ರ ತಲೆಕೆಳಗಾಗುತ್ತದೆ. ಹೆಚ್ಚಿದ್ದೆಲ್ಲ ನೀಲಿ ರೆಕ್ಕೆಯದು. ಗೂನುಬೆನ್ನಿನದು ಕಡಿಮೆಯಾಗುತ್ತ ಹೋಗಿದೆ, ಕೊನೆಕೊನೆಗೆ ಸಿಕ್ಕವು ದೊಡ್ಡವು ಮಾತ್ರ. ಮರಿಗಳೇ ಇಲ್ಲ. ಈಗಿನ ಮಲೆನಾಡಿನ ಎಷ್ಟೋ ಮನೆಗಳ ಹಾಗೆ, ಜಗುಲಿಯ ಮೇಲೆ ಹಿರಿಯರಿಬ್ಬರು ಕೂತಿದ್ದಾರೆ, ಒಳಗೆ ಯಾರೂ ಇಲ್ಲ.

ನೀಲಿ ರೆಕ್ಕೆಯದು ಕಾವೇರಿಗೆ ಬಂದದ್ದು ಯಾರದೋ ದುರುದ್ದೇಶದಿಂದಲ್ಲ. ಇದು ನನ್ನನ್ನು ಹೆಚ್ಚು ಕಾಡುವ ಭಾಗ. 1970ರ ದಶಕದಲ್ಲಿ ಲೋಣಾವಳದ ಸರೋವರಗಳ ದಡದಲ್ಲಿ ಟಾಟಾ ವಿದ್ಯುತ್ ಕಂಪನಿಯವರು ಮಹಶೀರ್ ಮರಿಮಾಡುವ ಕೇಂದ್ರ ನಡೆಸತೊಡಗಿದರು. ಅಳಿಯುತ್ತಿದೆ ಎಂದುಕೊಂಡಿದ್ದ ಮೀನಿನ ಮೊಟ್ಟೆಗಳನ್ನು ಕೈಯಿಂದ ತೆಗೆದು, ಬೀಜ ಬೆರೆಸಿ, ಮರಿ ಮಾಡಿ ದೇಶದ ಎಷ್ಟೋ ರಾಜ್ಯಗಳಿಗೆ ಹಂಚಿದರು. ನದಿಗೆ ಮಹಶೀರ್ ಬೇಕು, ಮಹಶೀರ್ ಸಿಕ್ಕಿತು, ಬಿಟ್ಟರು. ಹೊಳೆ ತುಂಬಿತು ಎಂದು ಎಲ್ಲರೂ ಸಂತೋಷಪಟ್ಟರು. ಯಾವ ಮಹಶೀರ್ ಎಂದು ಕೇಳುವ ಅಭ್ಯಾಸ ಆಗ ಯಾರಿಗೂ ಇರಲಿಲ್ಲ. ನನಗೂ ಇರಲಿಲ್ಲ. ಎಂಬತ್ತರ ದಶಕದಲ್ಲಿ ನಾನು ಬೋರ್ಡಿನ ಮೇಲೆ ಬರೆಸುತ್ತಿದ್ದ ಟಿಪ್ಪಣಿಯಲ್ಲಿ "ಮಹಶೀರ್ ಮರಿಗಳನ್ನು ನದಿಗೆ ಬಿಡುವುದು" ಎಂಬುದು ಸಂರಕ್ಷಣೆಯ ಉಪಾಯಗಳಲ್ಲಿ ಎರಡನೆಯದು. ಬರೆದವರಿಗೆ ಅಂಕವನ್ನೂ ಕೊಟ್ಟಿದ್ದೇನೆ.

ಪ್ರೀತಿಗೆ ಕೊರತೆ ಇರಲಿಲ್ಲ ಎಂಬುದಂತೂ ನಿಜ. ರಾಮನಾಥಪುರದ ವಹ್ನಿಪುಷ್ಕರಿಣಿಯಲ್ಲಿ, ಶೃಂಗೇರಿಯ ತುಂಗೆಯ ಮೆಟ್ಟಿಲುಗಳಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವರ ಮೀನೆಂದು ಪುರಿ ಹಾಕುತ್ತಲೇ ಬಂದಿದ್ದೇವೆ. 1996ರಲ್ಲಿ ಶಿಶಿಲದ ನೀರಿಗೆ ಯಾರೋ ವಿಷ ಹಾಕಿದಾಗ ಸತ್ತ ಮೀನುಗಳಿಗೆ ಜನ ಸ್ಮಾರಕ ಕಟ್ಟಿದರು. ಮೀನಿಗೆ ಸ್ಮಾರಕ ಕಟ್ಟಿದ ಊರು ಇನ್ನೆಷ್ಟಿದ್ದೀತು? ಆದರೂ ದೇವಸ್ಥಾನದ ಮಡುವಿನ ಮೀನು ಬಂದವರ ಕೈ ನೋಡುತ್ತ ನಿಲ್ಲುವ ಮೀನು. ಜೂನ್ ತಿಂಗಳ ಕೆಂಪು ನೀರಿಗೆ ಅದು ಎತ್ತ ಹೊರಡುತ್ತದೆ ಎಂಬುದು ಮೆಟ್ಟಿಲ ಮೇಲೆ ನಿಂತವರಿಗೆ ಕಾಣುವುದಿಲ್ಲ.

ಮಹಶೀರ್ ಜಾತಿಯ ಮೀನುಗಳು ಹೊಸ ನೀರಿಗೆ ಮೈಕೊಟ್ಟು ಮೇಲಕ್ಕೆ ಈಜುತ್ತವೆ. ಉರುಟುಕಲ್ಲಿನ ಮೇಲೆ ತಿಳಿನೀರು ಹರಿಯುವ ಉಪನದಿಯೋ ಹಳ್ಳವೋ ಸಿಕ್ಕಿದರೆ ಅಲ್ಲಿ ಮೊಟ್ಟೆಯಿಟ್ಟು, ನೀರು ಇಳಿಯುವ ಮೊದಲು ದೊಡ್ಡ ಹೊಳೆಗೆ ಮರಳುತ್ತವೆ. ಭೂತಾನದಲ್ಲಿ 2015ರಿಂದ ಹೊನ್ನಿನ ಮಹಶೀರ್ ಎಂಬ ಅಲ್ಲಿನ ಬೇರೊಂದು ಜಾತಿಯ ಮೀನುಗಳ ಹೊಟ್ಟೆಯಲ್ಲಿ ರೇಡಿಯೊ ಟ್ಯಾಗ್ ಇಟ್ಟು, ಆಂಟೆನಾ ಹಿಡಿದು ದಡದುದ್ದಕ್ಕೂ ನಡೆದವರು ಮಾನಸ್ ನದಿಯ ಮೀನುಗಳು ಮಳೆಗಾಲಕ್ಕೆ ಉಪನದಿಗಳನ್ನು ಹತ್ತುವುದನ್ನು ಬಿಡಿಬಿಡಿಯಾಗಿ, ಮೀನಿನಿಂದ ಮೀನಿಗೆ ಕಂಡರು. ಈ ಉಪನದಿಯ ಬಾಯಿಗೆ ಅಣೆಕಟ್ಟು ಬೇಡ, ಇಲ್ಲಿ ಮೀನು ತಿರುಗುತ್ತದೆ ಎಂದು ಕೈತೋರಿಸಿ ಹೇಳುವುದು ಹಾಗೆ ನಡೆದವರಿಂದ ಮಾತ್ರ ಸಾಧ್ಯ.

ನಮ್ಮ ಗೂನುಬೆನ್ನಿನದು ಎತ್ತ ಹೋಗಬೇಕು? ಮೇಲೆ ಶಿವನಸಮುದ್ರದ ಜಲಪಾತ. ಅದು ದೇವರು ಕಟ್ಟಿದ ಗೋಡೆ, ಮೀನಿಗೆ ಪರಿಚಿತ. ಕೆಳಗೆ 1934ರಿಂದ ಮೆಟ್ಟೂರು ಅಣೆಕಟ್ಟು. ನಡುವೆ ಉಳಿದ ಹೊಳೆಗೆ ಬಂದು ಸೇರುವ ದೊಡ್ಡ ಉಪನದಿಗಳು ಶಿಂಷಾ ಮತ್ತು ಅರ್ಕಾವತಿ. ಶಿಂಷೆಯ ನೀರು ವಿದ್ಯುತ್ತಿಗೆ ತಿರುಗಿ ಎಂಟು ದಶಕ ಕಳೆದಿದೆ. ಅರ್ಕಾವತಿಯಾದರೋ ವೃಷಭಾವತಿಯ ಮೂಲಕ ಬೆಂಗಳೂರಿನ ಕೊಳಚೆಯನ್ನು ಹೊತ್ತುಕೊಂಡು ಸಂಗಮಕ್ಕೆ ಬರುತ್ತದೆ. ಮರಿಗಳು ಏಕಿಲ್ಲ ಎಂಬುದಕ್ಕೆ ನೀಲಿ ರೆಕ್ಕೆಯವರ ಪೈಪೋಟಿ ಒಂದು ಉತ್ತರವಾದರೆ, ಮೊಟ್ಟೆಯಿಡಲು ಹೊರಟ ತಾಯಿ ನಮ್ಮ ಬಚ್ಚಲಿನ ಬಾಯಿಗೆ ಬಂದು ನಿಂತದ್ದು ಇನ್ನೊಂದಿರಬಹುದು. ಇದು ನನ್ನ ಊಹೆ. ನಾನು ಈಗ ಇರುವುದು ಬೆಂಗಳೂರಿನಲ್ಲಿ. 1974ರಿಂದ ತೊರೆಕಾಡನಹಳ್ಳಿಯ ಪಂಪುಗಳು ಕಾವೇರಿಯನ್ನು ನಮ್ಮ ನಲ್ಲಿಗೆ ಏರಿಸುತ್ತಿವೆ. ಹೋದ ನೀರನ್ನು ನಾವು ಯಾವ ಬಣ್ಣದಲ್ಲಿ ವಾಪಸು ಕೊಟ್ಟೆವು ಎಂದು ಸಂಗಮದಲ್ಲಿ ನಿಂತು ನೋಡಿದರೆ ಊಹೆ ಅಷ್ಟೇನೂ ಕಷ್ಟವಲ್ಲ.

2018 ಈ ಮೀನಿನ ವರ್ಷ. ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಕಾವೇರಿ ವ್ಯಾಜ್ಯದ ತೀರ್ಪು ಕೊಟ್ಟಿತು. ತಮಿಳುನಾಡಿಗೆ ಬಿಳಿಗುಂಡ್ಲುವಿನಲ್ಲಿ ಅಳೆದು ಕೊಡಬೇಕಾದದ್ದು ವರ್ಷಕ್ಕೆ 177.25 ಟಿಎಂಸಿ. ಬಿಳಿಗುಂಡ್ಲು ಇರುವುದು ಈ ಮೀನಿನ ಮನೆಯಲ್ಲೇ. ಫೆಬ್ರವರಿಯಿಂದ ಮೇವರೆಗೆ ತಿಂಗಳಿಗೆ 2.5 ಟಿಎಂಸಿ, ಜೂನಿಗೆ 9.19 ಎಂದು ತಿಂಗಳವಾರು ಲೆಕ್ಕವಿದೆ. ಎರಡು ರಾಜ್ಯಗಳ ರೈತರು, ವಕೀಲರು, ಮಂತ್ರಿಗಳು ಆ ಅಂಕಿಗಳಿಗಾಗಿ ಕಾದು ಕೂತಿದ್ದರು. ಯಾವ ದಿನ ಎಷ್ಟು ನೀರು ಬಂದೀತು ಎಂದು ಕಾಯುವ ಮೂರನೆಯ ಕಕ್ಷಿದಾರ ಆ ಅಳತೆಗಂಬದ ಬುಡದಲ್ಲೇ ಈಜುತ್ತಿತ್ತು.

ಜೂನಿನಲ್ಲಿ ಅದಕ್ಕೆ ಹೆಸರು ಸಿಕ್ಕಿತು. ಕರ್ನಾಟಕ-ತಮಿಳುನಾಡು ಗಡಿಯಲ್ಲಿ, ಬಂಡೀಪುರದ ಅಂಚಿನಲ್ಲಿ ಆಳದ ಕಣಿವೆ ಕೊರೆದು ಹರಿಯುವ ಮೋಯಾರ್ ನದಿಯಲ್ಲಿ ಕೆಲವು ಗೂನುಬೆನ್ನಿನ ಮೀನುಗಳು ಉಳಿದಿರುವುದು ಕಂಡುಬಂದಿತ್ತು. ಅವುಗಳ ಮೈಕಟ್ಟು ಮತ್ತು ಡಿಎನ್ಎ ಹೋಲಿಸಿ ನೋಡಿದರೆ, ಕೇರಳದ ಪಾಂಬಾರ್ ಹೊಳೆಯ ಸಣ್ಣ ಮೀನುಗಳನ್ನು ಇಟ್ಟುಕೊಂಡು ಕುರುಪ್ ಮತ್ತು ರಾಧಾಕೃಷ್ಣನ್ 2007ರಲ್ಲೇ ವಿವರಿಸಿದ್ದ ಟಾರ್ ರೆಮಾದೇವಿಯೇ ಇದು. ಪಾಂಬಾರ್ ಅಮರಾವತಿಗೆ, ಅಮರಾವತಿ ಕಾವೇರಿಗೆ. ನೂರೈವತ್ತು ವರ್ಷ ಗಾಳಗಾರರ ಕನಸಾಗಿದ್ದ ದೈತ್ಯನಿಗೆ ವಿಜ್ಞಾನದ ಹೆಸರು ಬಂದದ್ದು ಯಾವುದೋ ತೊರೆಯ ಪುಟ್ಟ ಮೀನುಗಳಿಂದ, ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ರೆಮಾದೇವಿ ಎಂಬ ವಿದುಷಿಯ ಗೌರವಾರ್ಥ. ನವೆಂಬರಿನಲ್ಲಿ ಅಳಿವಿನಂಚಿನ ಜೀವಿಗಳ ಪಟ್ಟಿಯಲ್ಲಿ ಅದನ್ನು ತೀರ ಗಂಡಾಂತರದ ಸಾಲಿಗೆ ಸೇರಿಸಿದರು. ನೀಲಿ ರೆಕ್ಕೆಯದನ್ನು ಆ ವರ್ಷವೇ ಚಿಂತೆಯಿಲ್ಲದ ಸಾಲಿಗೆ ಇಳಿಸಿದರು.

ಗಾಳದ ಶಿಬಿರಗಳು ಅಷ್ಟರಲ್ಲಿ ಮುಚ್ಚಿದ್ದವು. ವನ್ಯಧಾಮದೊಳಗೆ ಮೀನು ಹಿಡಿದು ಬಿಡುವುದೂ ಬೇಟೆಯೇ ಎಂಬ ನಿಲುವಿನ ಮುಂದೆ ಅವು ನಿಲ್ಲಲಿಲ್ಲ. ಆಗ ನಾನು ಚಪ್ಪಾಳೆ ತಟ್ಟಿದವನು. ಮೋಜಿಗಾಗಿ ಒಂದು ಜೀವದ ತುಟಿಗೆ ಕೊಕ್ಕೆ ಸಿಕ್ಕಿಸುವುದು ಇವತ್ತಿಗೂ ನನಗೆ ಸೇರುವುದಿಲ್ಲ. ಆದರೆ ಗಾಳದ ಜೊತೆಗೆ ಆ ದಾಖಲೆ ಪುಸ್ತಕವೂ ನಿಂತುಹೋಯಿತು. ರಾತ್ರಿ ದಡದಲ್ಲಿ ಟಾರ್ಚ್ ಹಿಡಿದು ತಿರುಗುತ್ತಿದ್ದ ಯಜಮಾನರಂಥವರಿಗೆ ಸಂಬಳ ನಿಂತಿತು. ಅವರಲ್ಲಿ ಎಷ್ಟು ಜನ ಮತ್ತೆ ಬಲೆಗೆ ಹೋದರೋ ಹೇಳಲು ಅವರು ತಯಾರಿಲ್ಲ, ನಾನು ಒತ್ತಾಯಿಸಲಿಲ್ಲ. ಈಗ ಮೇಕೆದಾಟಿನಲ್ಲಿ 67 ಟಿಎಂಸಿಯ ಅಣೆಕಟ್ಟಿನ ಮಾತಿದೆ. ಅದರ ಪರ-ವಿರೋಧಗಳೆರಡರಲ್ಲೂ ನೀರಿನ ಲೆಕ್ಕ ಕೇಳಿದ್ದೇನೆ, ಮರದ ಲೆಕ್ಕ ಕೇಳಿದ್ದೇನೆ. ಮೀನು ಆಗೊಮ್ಮೆ ಈಗೊಮ್ಮೆ ಒಂದು ಸಾಲಿನಲ್ಲಿ ಬಂದು ಹೋಗುತ್ತದೆ, ಅದೂ ಬರಿಯ "ಮಹಶೀರ್" ಎಂದು.

ಹೋದ ಮಾಘದಲ್ಲಿ ಮತ್ತೆ ಮುತ್ತತ್ತಿಗೆ ಹೋಗಿದ್ದೆ. ಸೀತೆಯ ಮೂಗುತಿ ನೀರಿಗೆ ಬಿದ್ದಾಗ ಹನುಮಂತ ಬಾಲದಿಂದ ಹೊಳೆಯನ್ನು ಕಡೆದು ಮುತ್ತನ್ನು ಎತ್ತಿಕೊಟ್ಟನೆಂದೂ, ಅದಕ್ಕೇ ಅವನು ಮುತ್ತೆತ್ತಿರಾಯನಾದನೆಂದೂ ಅಲ್ಲಿ ಹೇಳುತ್ತಾರೆ. ದೇವಸ್ಥಾನದ ಹೊರಗಿನ ಕಟ್ಟೆಯ ಮೇಲೆ ಯಜಮಾನರು ಕೂತಿದ್ದರು. ಕಣ್ಣಿಗೆ ಪೊರೆ ಬಂದಿದೆ, ಮಾತು ಹಾಗೆಯೇ ಇದೆ. ಮಾತಿನ ನಡುವೆ, ಹಿಂದಿನ ಮಳೆಗಾಲ ಕಳೆದ ಮೇಲೆ ಒಂದು ಮಡುವಿನಲ್ಲಿ ಗೂನುಬೆನ್ನಿನದು ಮೇಲೆದ್ದು ಹೊರಳಿದ್ದನ್ನು ನೋಡಿದೆ ಎಂದರು. ಪೊರೆ ಬಂದ ಕಣ್ಣೇ ಎಂದು ಕೇಳಬೇಕೆನಿಸಿತು. ಬದಲಿಗೆ ಯಾವ ಮಡು ಎಂದು ಕೇಳಿದೆ.

"ತೋರಿಸಿದರೆ ಏನು ಮಾಡುತ್ತೀರಿ?"

ಯಾರಿಗಾದರೂ ತಿಳಿಸುತ್ತೇನೆ ಎಂದೆ. ಹಿಡಿಯಬಹುದು, ಹೊಟ್ಟೆಯಲ್ಲಿ ಟ್ಯಾಗ್ ಇಡಬಹುದು, ಜೂನಿನಲ್ಲಿ ಅದು ಎತ್ತ ಹೋಗುತ್ತದೆಂದು ಗೊತ್ತಾಗಬಹುದು. ಹೇಳುತ್ತಿರುವಾಗಲೇ ಆ ರೋಹುವಿನ ಬಾಲ ನನ್ನ ಕೈಯಲ್ಲಿ ಸುಮ್ಮನೆ ನಿಂತಿದ್ದು ಜ್ಞಾಪಕಕ್ಕೆ ಬಂತು. ರೋಹುಗಳು ಸಂತೆಯಲ್ಲಿ ಸಿಗುತ್ತವೆ, ಒಂದು ಹೋದರೆ ಇನ್ನೊಂದು. ಇದು ಹಾಗಲ್ಲ. ಮೂರು ಸೆಕೆಂಡು ಎಣಿಸಿ, ಹೊರಳದಿದ್ದರೆ?

"ಆ ಟ್ಯಾಗ್ ಎಷ್ಟು ಭಾರ ಇರುತ್ತದೆ?" ಎಂದರು.

ಮೀನಿನ ತೂಕದ ನೂರಕ್ಕೆ ಎರಡು ಪಾಲು ಮೀರಬಾರದೆಂಬ ರೂಢಿಯಿದೆ, ಇಪ್ಪತ್ತು ಕಿಲೋ ಮೀನಿಗೆ ಅಷ್ಟೇನೂ ಬೇಕಾಗುವುದಿಲ್ಲ, ಮೂವತ್ತು ನಲವತ್ತು ಗ್ರಾಂ ಸಾಕು ಎಂದೆ. ಅವರು ಅಂಗೈಯನ್ನು ಬಟ್ಟಲು ಮಾಡಿ, ಕಾಣದ ಉಂಡೆಯೊಂದನ್ನು ಅದರಲ್ಲಿಟ್ಟು ಎರಡು ಸಲ ಮೇಲೆ ಕೆಳಗೆ ತೂಗಿದರು.

"ನಮ್ಮ ರಾಗಿ ಉಂಡೆ ಇದಕ್ಕಿಂತ ಭಾರ ಇತ್ತು" ಎಂದರು. ಆಮೇಲೆ ಮೊಮ್ಮಗನ ಶಾಲೆಯ ವಿಷಯ ಎತ್ತಿದರು. ಮಡುವಿನ ಹೆಸರು ಹೇಳಲಿಲ್ಲ, ನಾನೂ ಮತ್ತೆ ಕೇಳಲಿಲ್ಲ.